ಅಡಿಯದೇ ಮೊದಲು

ಓದದ ಕಾಗದಕ್ಕೆ ಸಹಿ ಹಾಕಬಾರದು ಎಂದು ಆ ಲಾಂಡ್ರಿಯ ಇಸ್ತ್ರಿಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಡಂಗುರ ಹೊಡೆಯುತ್ತ ಬಂದವಳು ಓದಮ್ಮ. ರಜೆಯ ಚೀಟಿ ಇರಲಿ, ಹೆಚ್ಚುವರಿ ಪಾಳಿಯ ಒಪ್ಪಿಗೆ ಇರಲಿ, ಅವಳು ಕನ್ನಡಕ ಏರಿಸಿ ಕೊನೆಯ ಸಣ್ಣ ಅಕ್ಷರದವರೆಗೆ ಗಟ್ಟಿಯಾಗಿ ಓದದೆ ಯಾರೂ ಪೆನ್ನು ಮುಟ್ಟುವಂತಿರಲಿಲ್ಲ. ಅಂಥವಳು ಬದುಕಿನಲ್ಲಿ ಒಂದೇ ಒಂದು ಕಾಗದಕ್ಕೆ ಓದದೆ ಸಹಿ ಹಾಕಿದಳು. ಆ ಕಾಗದ ಈಗ ಇಡೀ ಕೋಣೆಯ ಮರ್ಯಾದೆ ಹೊತ್ತುಕೊಂಡು ಪೇಟೆಯ ಆ ತುದಿಯಲ್ಲಿ ಒಂದು ಮೇಜಿನ ಮೇಲೆ ಕುಳಿತಿತ್ತು.

ದೊಡ್ಡಾಸ್ಪತ್ರೆಯ ಬಟ್ಟೆಯೆಲ್ಲ ಬರುವುದು ಆ ಲಾಂಡ್ರಿಗೆ. ಮಲಗಿದ ರೋಗಿಗೆ ಬೆಡ್‌ಶೀಟು ಬೆಳ್ಳಗಿರಬೇಕು, ಹಾಕಿದ ಡಾಕ್ಟರಿಗೆ ಕೋಟು ಗರಿಗರಿ ಇರಬೇಕು. ಅದನ್ನು ಹಾಗೆ ಮಾಡಿದವರು ಯಾರು ಎಂದು ಇಬ್ಬರೂ ಕೇಳಿದ್ದಿಲ್ಲ. ಮಾಡಿದವರು ಏಳು ಹೆಂಗಸರು. ಹಬೆ ತುಂಬಿದ ಉದ್ದನೆಯ ಕೋಣೆ, ಆರು ಇಸ್ತ್ರಿಮೇಜು, ಕೊನೆಯಲ್ಲಿ ಮಡಚುವ ಹಲಗೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಓದಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಪುಸ್ತಕ ಓದುವಳು. ಆ ಗಂಟೆಯ ಅವಳ ಪಾಲಿನ ಬಟ್ಟೆಯನ್ನು ಉಳಿದವರು ಹಂಚಿಕೊಂಡು ಮಾಡುವರು. ಇದಕ್ಕೆ ಕಾಗದವಿಲ್ಲ, ಕರಾರಿಲ್ಲ. ‘ಓದುವವಳ ಪಾಲು’ ಎಂದರೆ ಮುಗಿಯಿತು.

ಮಡಚುವ ಹಲಗೆಯ ಮುಂದೆ ನಿಲ್ಲುತ್ತಿದ್ದವಳು ಓದಮ್ಮನ ಅತ್ತೆ. ಸೊಸೆಗೆ ಅತ್ತೆಯಾದವಳು ಕಾಲಕ್ರಮದಲ್ಲಿ ಇಡೀ ಕೋಣೆಗೇ ಅತ್ತೆಯಾಗಿದ್ದಳು. ಅಕ್ಷರ ಬಾರದು, ಹೆಬ್ಬೆಟ್ಟು. ಮೊದಲ ವರ್ಷ, “ಓದಿದ್ರೆ ಶೀಟಿನ ಸುಕ್ಕು ಹೋಗುತ್ತೇನೇ?” ಎಂದು ಸೊಸೆಯನ್ನು ಹಂಗಿಸಿದವಳೂ ಅವಳೇ. ಎರಡನೆಯ ವರ್ಷ, ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ, “ನಿನ್ನೆ ನಿಲ್ಸಿದ್ಯಲ್ಲ, ಆ ಹುಡುಗಿ ಬಾವಿಯಿಂದ ಎದ್ದು ಬಂದ್ಳಾ ಇಲ್ವಾ, ಅದನ್ನ ಹೇಳಿ ಆಮೇಲೆ ಮಾತ್ರೆ ಕೊಡು” ಎಂದು ಹಟ ಹಿಡಿದವಳೂ ಅವಳೇ.

ಆ ನಾಡಿನಲ್ಲಿ ಪ್ರತಿವರ್ಷ ವಿಜ್ಞಾನ ಕಥೆಗಳಿಗೂ ಮಾಯಾಲೋಕದ ಕಥೆಗಳಿಗೂ ಸೇರಿಸಿ ಒಂದು ಬಹುಮಾನ ಕೊಡುತ್ತಿದ್ದರು. ಅಂತಿಮ ಸುತ್ತಿಗೆ ಬಂದ ಐದು ಕಥೆಗಳನ್ನು ಹತ್ತು ಮಂದಿ ಪಂಡಿತರು ಓದಿ, ಒಂದರಿಂದ ಐದರವರೆಗೆ ಸ್ಥಾನದ ಅಂಕಿ ಹಾಕುವುದು ವಾಡಿಕೆ. ಹೋದ ವರ್ಷ ಓದಮ್ಮ ಅವರಿಗೆ ಬೆಂಕಿಯಂಥ ಪತ್ರ ಬರೆದಳು: “ಕಥೆ ಬರೆಯುವವರು ನಿಮ್ಮವರು, ಆರಿಸುವವರು ನಿಮ್ಮವರು, ಚಪ್ಪಾಳೆ ಹೊಡೆಯುವವರೂ ನಿಮ್ಮವರು. ಹಾಗಾದರೆ ಓದುವ ನಾವು ಯಾರು? ಹದಿಮೂರು ವರ್ಷದಿಂದ ನಿಂತುಕೊಂಡೇ ಓದು ಕೇಳಿದ್ದೇವೆ. ಒಂದು ಅಂಕಿ ಹಾಕುವಷ್ಟು ಜಾಗ ನಮಗೂ ಬಿಡಿ.” ಸಮಿತಿಯಲ್ಲಿ ಗದ್ದಲವೆದ್ದಿತಂತೆ. ಕೊನೆಗೆ ಅಧ್ಯಕ್ಷರು, “ಆಗಲಿ, ಹನ್ನೊಂದನೆಯ ಮತ ಅವರ ಬಳಗಕ್ಕೆ. ಒಂದು ವರ್ಷ ನೋಡೋಣ. ತಲೆಬುಡ ಇಲ್ಲದ ಹಾಗೆ ಹಾಕಿದ್ರೆ ಮುಂದಿನ ವರ್ಷದಿಂದ ಬೇಡ” ಎಂದರಂತೆ. ಆ ಮಾತು ಓದಮ್ಮನ ಎದೆಯಲ್ಲಿ ಮುಳ್ಳಿನಂತೆ ನಿಂತಿತ್ತು.

ಹಾಗಾಗಿ ಐದು ಕಥೆ, ಐದು ಪುಟ್ಟ ಪುಸ್ತಕ ಬಂದಾಗ ಇಸ್ತ್ರಿಕೋಣೆ ಪರೀಕ್ಷೆಗೆ ಕುಳಿತಂತೆ ಕುಳಿತಿತು; ಅಂದರೆ ನಿಂತಿತು. ದಿನಕ್ಕೊಂದು ಕಥೆ. ಮುಗಿದ ಕೂಡಲೇ ಬಾಯಿಗೆ ಬಂದ ಅಭಿಪ್ರಾಯವನ್ನು ಹೊರಗಿನ ಕಚೇರಿಯ ಗುಮಾಸ್ತೆ ಒಂದೊಂದು ಹಾಳೆಯಲ್ಲಿ ಬರೆದುಕೊಳ್ಳುವಳು. ಓದಮ್ಮನ ಬಲಗೈ ಹಬೆ ತಗುಲಿ ಬೆಂದು, ಬೆರಳಿನವರೆಗೂ ಪಟ್ಟಿ ಸುತ್ತಿತ್ತು. ಗುಮಾಸ್ತೆಯ ಅಕ್ಷರವೋ ಪೋಣಿಸಿದ ಮುತ್ತು.

ಐದನೆಯ ಕಥೆ ಮುಗಿದ ದಿನ, ಗುಮಾಸ್ತೆ ಹಾಳೆ ಬರೆದುಕೊಂಡು ಹೋದ ಮೇಲೆ, ಜಗಳ ಶುರುವಾಯಿತು. ಎರಡನೆಯ ಮೇಜಿನವಳನ್ನು ಜಗಳಗಂಟಿ ಎಂದು ಕರೆಯುತ್ತಿದ್ದುದು ಸುಮ್ಮನಲ್ಲ.

“‘ಚಂದ್ರನ ಮೇಲೆ ಪೊರಕೆ’ನೇ ಮೊದಲು. ಮಾತೇ ಇಲ್ಲ,” ಎಂದಳು ಅವಳು. “ಚಂದ್ರನ ಮೇಲಿರೋ ದೊಡ್ಡೋರ ಮನೆ ಧೂಳು ಗುಡಿಸೋ ಹೆಂಗಸರು ಪೊರಕೆ ಕೆಳಗಿಟ್ರು. ಮೂರೇ ದಿನಕ್ಕೆ ಯಜಮಾನರ ಮೂಗು ಮುಚ್ಚೋಯ್ತು! ಕೇಳ್ತಿದ್ರೆ ಮೈ ಜುಮ್ ಅಂತು ನಂಗೆ.”

ಓದಮ್ಮನ ಮೈಯೂ ಜುಮ್ಮೆಂದಿತ್ತು. ಆದರೆ ಅತ್ತೆ ಹಲಗೆಯ ಕಡೆಯಿಂದ ಮೆಲ್ಲಗೆ ಕೇಳಿದಳು:

“ಅಲ್ವೇ, ಆ ಹೆಂಗಸರು ಮೂವತ್ತು ಪುಟ ಗುಡಿಸಿದ್ರು. ಒಬ್ಬಳಿಗಾದ್ರೂ ಸೊಂಟ ಹಿಡೀತಾ?”

ಕೈಯಲ್ಲಿದ್ದ ಶೀಟನ್ನು ಇನ್ನೊಂದು ಸುತ್ತು ಮಡಚಿ ಅವಳೇ ಮುಂದುವರಿಸಿದಳು:

“ಬರೆದ ಪುಣ್ಯಾತ್ಮ ಒಳ್ಳೆಯವನೇ. ಪೊರಕೆ ಹಿಡಿದೋನಲ್ಲ. ನಮ್ಮನ್ನ ಹೊಗಳಿದ ಅಂತ ಪೂರ್ತಿ ಅಂಕ ಕೊಟ್ರೆ, ಆ ಪಂಡಿತರಿಗೂ ನಮಗೂ ಏನೇ ವ್ಯತ್ಯಾಸ?”

“ಹಾಗಾದ್ರೆ ‘ಕಡೇ ದೋಣಿ’ ಮೊದ್ಲಾ?” ಎಂದಳು ಜಗಳಗಂಟಿ, ಅರ್ಧ ಸೋತ ದನಿಯಲ್ಲಿ.

“ಅದನ್ನ ಕೇಳಿದ ದಿನ ನೀನು ಮೂಗು ಒರೆಸ್ಕೊಂಡಿದ್ದು ಡಾಕ್ಟರ ಕೋಟಿಗೆ. ನಾನು ನೋಡಿದೀನಿ,” ಎಂದಳು ಅತ್ತೆ.

ನಗು ಎದ್ದು ಹಬೆಯ ಜೊತೆ ಮೇಲೇರಿತು. ‘ಕಡೇ ದೋಣಿ’ ಮೊದಲು, ‘ಪೊರಕೆ’ ಎರಡು. ಚಪ್ಪಲಿ ಹುಡುಕಿಕೊಂಡು ಅದೇ ಮಂಗಳವಾರಕ್ಕೆ ನೂರು ಸಲ ಹಿಂದಿರುಗುವವನ ‘ಮತ್ತೆ ಮಂಗಳವಾರ’ ಮೂರು. ಬಿಸಿಲು ಕಾಣದ ಶ್ರೀಮಂತರಿಗೆ ಬಡವರು ತಮ್ಮ ನೆರಳು ಕೊಡುವ ‘ನೆರಳು ಬಾಡಿಗೆಗೆ’ ನಾಲ್ಕು. ಎಲ್ಲರ ಕಷ್ಟವನ್ನೂ ತಾನೇ ಪರಿಹರಿಸಿ ನಲವತ್ತು ಪುಟ ಉಪದೇಶ ಮಾಡುವ ಯಂತ್ರರಾಜನ ಕಥೆ ‘ಮಹಾಯಂತ್ರದ ಮಮತೆ’ಗೆ ಐದನೆಯ ಸ್ಥಾನ. ಆರನೆಯದಿದ್ದರೆ ಅದಕ್ಕೇ ಹೋಗುತ್ತಿತ್ತು. ಬರೆದವರು ಹೆಸರಾಂತ ದೊಡ್ಡವರಾದರೇನು, ತೂಕಡಿಕೆಗೆ ಹೆಸರು ಗೊತ್ತೇ?

ಅತ್ತೆ ಐದೂ ಪುಸ್ತಕವನ್ನು ಅದೇ ಕ್ರಮದಲ್ಲಿ ಒಂದರ ಮೇಲೊಂದು ಜೋಡಿಸಿ ದಾರ ಕಟ್ಟಿದಳು. ಮರುದಿನ ಬೆಳಗ್ಗೆ ಗುಮಾಸ್ತೆ ಆ ಕಟ್ಟು ನೋಡಿ ಮತದ ಕಾರ್ಡು ತುಂಬಿದಳು. ಗಾಡಿ ಹೊರಡುವ ಹೊತ್ತು. ಡ್ರೈವರ್ ಹಾರನ್ ಬಾರಿಸುತ್ತಿದ್ದ. “ಅಕ್ಕಾ, ಇಲ್ಲೊಂದು ಸಹಿ” ಎಂದಳು. ಓದಮ್ಮ ಎಡಗೈಯಲ್ಲಿ ಗೀಚಿದಳು. ಐವರು ಸಹಿ ಹಾಕಿದರು, ಅತ್ತೆ ಹೆಬ್ಬೆಟ್ಟು ಒತ್ತಿದಳು. ಕಾರ್ಡು ಹೋಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಗುಮಾಸ್ತೆ ಪುಸ್ತಕದ ಕಟ್ಟು ವಾಪಸು ಕೊಡಲು ಬಂದಳು. ಬಾಗಿಲಲ್ಲಿ ನಿಂತು ಮುಗ್ಧವಾಗಿ ಕೇಳಿದಳು:

“ಅಕ್ಕಾ, ನಿಮಗೆಲ್ಲ ಆ ‘ಮಹಾಯಂತ್ರ’ ಅಷ್ಟೊಂದು ಇಷ್ಟ ಆಯ್ತಾ?”

ಐದು ಇಸ್ತ್ರಿ ಪೆಟ್ಟಿಗೆಗಳು ಒಟ್ಟಿಗೆ ನಿಂತವು.

“ಏನಂದೆ?”

“ಮೊದಲನೇದು ಅದೇ ಅಲ್ವಾ? ಕಟ್ಟಿನ ಮೇಲೆ ಅದೇ ಇತ್ತು. ಮೇಲಿಂದ ಒಂದು, ಎರಡು, ಮೂರು ಅಂತ ಬರ್ಕೊಂಡು ಹೋದೆ. ಕಡೇಲಿ ಆ ದೋಣಿದು.”

ಓದಮ್ಮ ಅವಳ ಕೈಯಿಂದ ಕಟ್ಟನ್ನು ತೆಗೆದುಕೊಂಡು ನೋಡಿದಳು. ತಪ್ಪು ಗುಮಾಸ್ತೆಯದಲ್ಲ. ಇಸ್ತ್ರಿಕೋಣೆಯಲ್ಲಿ ರಾಶಿ ಕಟ್ಟುವುದೇ ತಲೆಕೆಳಗು. ಒಂದು ಕಲೆಯಿಲ್ಲದ, ಒಂದು ಎಳೆಯೂ ಕಿತ್ತುಹೋಗದ ಮೊದಲ ದರ್ಜೆಯ ಶೀಟು ಅಡಿಗೆ. ತೇಪೆ ಹಾಕಿದ್ದು ಮೇಲಕ್ಕೆ. ಏಕೆಂದರೆ ಆಳದ ಟ್ರಾಲಿಗೆ ರಾಶಿಯನ್ನು ಇಬ್ಬರು ಹಿಡಿದು ಮಗುಚುತ್ತಾರೆ. ಅಡಿಯದು ಮೇಲೆ ಬರುತ್ತದೆ, ಆಪರೇಷನ್ ಥಿಯೇಟರಿನವರ ಕೈಗೆ ಮೊದಲು ಸಿಗುವುದು ಅದೇ. ‘ಅಡಿಯದೇ ಮೊದಲು’ ಎಂಬುದು ಆ ಏಳು ಜೋಡಿ ಕೈಗಳಿಗೆ ಉಸಿರಾಟದಷ್ಟು ಸಹಜ. ಹೊರಗಿನ ಕಚೇರಿಯಲ್ಲಿ ಕುಳಿತು ಬರೆಯುವವಳಿಗೆ ಹೇಗೆ ಗೊತ್ತಾಗಬೇಕು?

“ನನ್ನ ಕೈಯಾರೆ ಕಟ್ಟಿದೆನಲ್ಲೇ!” ಎಂದು ಅತ್ತೆ ಹಣೆ ಬಡಿದುಕೊಂಡಳು.

“ನೀವು ಕಟ್ಟಿದ್ದು ಸರಿಯಾಗೇ ಇದೆ ಅತ್ತೆ. ಓದದೆ ಸಹಿ ಹಾಕಿದೋಳು ನಾನು.”

“ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ,” ಎಂದಳು ಜಗಳಗಂಟಿ. ಆ ಹೊತ್ತಿನಲ್ಲೂ ಬಾಯಿ ಸುಮ್ಮನಿರಬೇಕಲ್ಲ! ಆದರೆ ಅವಳೇ ಮುಂದುವರಿದು, “ಅಂದ್ರೆ ಈಗ ಆ ಪಂಡಿತರು ಏನಂತಾರೆ? ಇಸ್ತ್ರಿ ಮಾಡೋರಿಗೆ ತಲೆಬುಡ ಗೊತ್ತಿಲ್ಲ, ನೋಡಿದ್ರಾ, ಅಂತಾರೆ. ಮುಂದಿನ ವರ್ಷ ಮತ ಗೋವಿಂದ” ಎಂದಳು.

“ಕಾರಣ ಬರೆದ ಹಾಳೆಗಳೂ ಹೋಗಿವೆಯಲ್ಲ, ಅದನ್ನ ಓದಿದಾಗ ನಿನಗೆ ಏನೂ ಅನ್ನಿಸಲಿಲ್ವಾ?” ಎಂದು ಓದಮ್ಮ ಗುಮಾಸ್ತೆಯನ್ನು ಕೇಳಿದಳು. “‘ಮಹಾಯಂತ್ರ’ದ ಹಾಳೆಯಲ್ಲಿ ಏನು ಬರೆಸಿದ್ವಿ?”

ಗುಮಾಸ್ತೆ ಅಳುವ ಮುಖ ಮಾಡಿದಳು. “‘ಇದನ್ನು ಓದುವಾಗ ತೂಕಡಿಸಿ ಎರಡು ತಲೆದಿಂಬಿನ ಚೀಲ ಸುಟ್ಟೆವು’ ಅಂತ. ವಿಮರ್ಶೆ ಅಂದ್ರೆ ಹೀಗೇ ಇರುತ್ತೇನೋ, ಹೊಗಳಿಕೇನೂ ತಿರುವಿ ಹೇಳ್ತಾರೇನೋ ಅನ್ಕೊಂಡೆ ಅಕ್ಕಾ.”

ಯಾರಿಗೂ ಬೈಯಲು ಬಾಯಿ ಬರಲಿಲ್ಲ. ನಗು ಅಡ್ಡ ಬಂತು.

ಓದಮ್ಮ ಕಾರ್ಡಿನ ನಕಲು ತರಿಸಿದಳು. ಬೆಳಗ್ಗೆ ಮಾಡಬೇಕಾಗಿದ್ದನ್ನು ಈಗ ಮಾಡಿದಳು: ಮುಂದೆ ಓದಿದಳು, ಹಿಂದೆ ಓದಿದಳು. ಹಿಂಬದಿಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರ: “ಎಣಿಕೆಗೆ ಮೊದಲು, ಸಹಿ ಮಾಡಿದವರೆಲ್ಲರೂ ಖುದ್ದಾಗಿ ಬಂದು ಕೋರಿದಲ್ಲಿ ಮಾತ್ರ, ತಿದ್ದುಪಡಿಯನ್ನು ಸಮಿತಿ ಪರಿಶೀಲಿಸಬಹುದು.” ಎಣಿಕೆ ಅದೇ ದಿನ, ನಾಲ್ಕು ಗಂಟೆಗೆ.

“ಎಲ್ಲರೂ ಅಂದ್ರೆ ಏಳೂ ಜನ,” ಎಂದಳು ಅವಳು. “ಗಡಿಯಾರಪ್ಪ ಬಿಡ್ತಾನಾ?”

ಗಡಿಯಾರಪ್ಪ ಎಂದರೆ ಮೇಲ್ವಿಚಾರಕ. ಮಾತಾಡುವಾಗ ಎದುರಿನವರ ಮುಖಕ್ಕಿಂತ ಹೆಚ್ಚಾಗಿ ತನ್ನ ಮಣಿಕಟ್ಟನ್ನೇ ನೋಡುವ ಮನುಷ್ಯ. ಏಳು ಜನ ಒಟ್ಟಿಗೆ ಹೋಗಬೇಕೆಂದು ಕೇಳಿದ ಕೂಡಲೇ ಅವನ ಕಣ್ಣು ಮುಳ್ಳಿನ ಮೇಲೆ ಹೋಯಿತು.

“ಥಿಯೇಟರಿಗೆ ನೂರೆಂಬತ್ತು ಶೀಟು ಮೂರು ಗಂಟೆಗೆ ಹೋಗ್ಬೇಕು. ಅದು ಮುಗೀದೆ ಒಬ್ಬರೂ ಅಲ್ಲಾಡೋ ಹಾಗಿಲ್ಲ.”

“ಮುಗಿದ್ರೆ?”

“ಮುಗಿದ್ರೆ... ಮೂರು ಅಂದ್ರೂ ನಿಮ್ಮದು ಮುಗಿಯೋದು ಐದಕ್ಕೆ. ಆಮೇಲೆ ನೋಡೋಣ.”

“ಮುಗಿದ್ರೆ ಹೋಗ್ತೀವಿ. ಹೇಳಿಬಿಟ್ರಿ ನೀವು,” ಎಂದಳು ಓದಮ್ಮ.

ಅಂದು ಓದಲಿಲ್ಲ, ಓದುವವಳ ಪಾಲಿನ ಮಾತೇ ಇರಲಿಲ್ಲ. ಓದಮ್ಮ ಎಡಗೈಯಲ್ಲಿ ಶೀಟಿನ ತುದಿ ಹಿಡಿದು ಕೊಟ್ಟಳು, ಗುಮಾಸ್ತೆ ಕೂಡ ಸೆರಗು ಸಿಕ್ಕಿಸಿ ನೀರು ಚಿಮುಕಿಸಲು ನಿಂತಳು. ಪೆಟ್ಟಿಗೆಗಳು ಓಡಿದವು. ನಲವತ್ತು, ಎಂಬತ್ತು, ನೂರಿಪ್ಪತ್ತು. ಕೆಲಸ ನಿಧಾನವಾಗುವುದು ಓದಿನಿಂದ ಎಂದು ವರ್ಷಗಟ್ಟಲೆ ಗೊಣಗಿದವರು ಆಗ ಬಂದು ನೋಡಬೇಕಿತ್ತು. ಬೇಕೆನಿಸಿದ ಕೆಲಸಕ್ಕೆ ಕೈ ಹೇಗೆ ರೆಕ್ಕೆಯಾಗುತ್ತದೆ ಎಂದು ಯಾವ ಗಡಿಯಾರವೂ ಹೇಳದು.

ಒಂದೂವರೆಗೆ ಮೇಲ್ವಿಚಾರಕ ಬಾಗಿಲಲ್ಲಿ ತಲೆ ಹಾಕಿದ. ಸ್ವಲ್ಪ ಹೊತ್ತು ನಿಂತ. ಕೆಮ್ಮಿದ.

“ಇವತ್ತು ಓದು ಇಲ್ವಾ?”

ಜಗಳಗಂಟಿ ಪೆಟ್ಟಿಗೆ ಎತ್ತಿ ಹಿಡಿದೇ ತಿರುಗಿದಳು. “ನಿಮಗ್ಯಾಕೆ ಸಾರ್?”

“ಅಲ್ಲ... ಆಚೆ ಸ್ಟೋರ್ ರೂಮಿಗೆ ಕೇಳ್ಸುತ್ತೆ. ಕೇಳಿಸ್ಕೊಬೇಕು ಅಂತೇನಲ್ಲ.” ಮತ್ತೆ ಕೆಮ್ಮಿದ. “ಆ ಚಪ್ಪಲಿ ಹುಡುಕೋನ್ದಕ್ಕೆ ಎಷ್ಟನೇ ನಂಬರ್ ಕೊಟ್ರಿ?”

“ಮೂರು.”

“ಮೂರಾ! ಅದಕ್ಕೆ ಮೂರಾ?” ಕೈಗಡಿಯಾರ ಇರುವುದನ್ನೇ ಮರೆತು ಅವನು ಒಳಗೆ ಬಂದ. “ಕೊನೆಗೆ ಆ ಚಪ್ಪಲಿ ಕಾಲಲ್ಲೇ ಇತ್ತು ಅನ್ನೋ ಜಾಗ... ನಾನು ಸ್ಟೋರಲ್ಲಿ ನಕ್ಕು ನಕ್ಕು ಸೋಪಿನ ಡಬ್ಬ ಬೀಳಿಸಿದೀನಿ ಕಣಮ್ಮ! ನನ್ನ ಕೇಳಿದ್ರೆ ಒಂದು.”

“ಹಾಗಾದ್ರೆ ಒಳಗೆ ಬಂದು ಕೇಳ್ಬೇಕಿತ್ತು,” ಎಂದಳು ಅತ್ತೆ. “ಕದ್ದು ಕೇಳಿದೋರಿಗೆ ಮತ ಇಲ್ಲ. ಈಗ ಆ ತುದಿ ಹಿಡೀರಿ.”

ಅವನು ತುದಿ ಹಿಡಿದ. ಎರಡೂ ಮುಕ್ಕಾಲಿಗೆ ನೂರೆಂಬತ್ತನೆಯ ಶೀಟು ರಾಶಿಗೆ ಬಿತ್ತು. ರಾಶಿಯನ್ನು ಟ್ರಾಲಿಗೆ ಮಗುಚಿ ತುಂಬಿ, ಗಾಡಿಗೆ ಏರಿಸಿ, ಅದೇ ಗಾಡಿಯಲ್ಲಿ ಬಟ್ಟೆಮೂಟೆಗಳ ನಡುವೆ ಏಳು ಜನ ಕುಳಿತರು. ಡ್ರೈವರ್ ಆಸ್ಪತ್ರೆಯಲ್ಲಿ ಟ್ರಾಲಿ ಇಳಿಸಿ ನೇರ ಬಹುಮಾನದ ಕಚೇರಿಗೆ ಬಿಟ್ಟ. ಒಬ್ಬೊಬ್ಬರ ಕೂದಲೂ ಹಬೆಯಿಂದ ಹಣೆಗಂಟಿತ್ತು, ಮೈಯೆಲ್ಲ ಗಂಜಿಯ ವಾಸನೆ. ಕನ್ನಡಿಯಂಥ ನೆಲದ ಮೇಲೆ ಅವರ ರಬ್ಬರ್ ಚಪ್ಪಲಿಗಳು ಕಿಚಕಿಚ ಎಂದವು. ಗೋಡೆ ಗಡಿಯಾರದಲ್ಲಿ ಮೂರೂವರೆ.

ಕಾರ್ಯದರ್ಶಿ ಕನ್ನಡಕದ ಹೆಂಗಸು. ವಿಷಯ ಕೇಳಿ, ಏಳು ತಲೆ ಎಣಿಸಿ, “ನಿಯಮ ಸರಿಯಾಗೇ ಓದಿದೀರಿ” ಎಂದು ಒಳಗೆ ಕರೆದೊಯ್ದಳು. ಉದ್ದ ಮೇಜಿನ ತುದಿಯಲ್ಲಿ ಅಧ್ಯಕ್ಷರಿದ್ದರು. ಬಿಳಿ ಗಡ್ಡ, ಕಾಲೇಜಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರ ದನಿ.

“ಬನ್ನಿ ಬನ್ನಿ. ನಿಮ್ಮ ಕಾರ್ಡು ನೋಡಿದೆ. ‘ಮಹಾಯಂತ್ರ’ಕ್ಕೆ ಮೊದಲ ಸ್ಥಾನ! ಒಳ್ಳೆ ರುಚಿ ಇದೆ ನಿಮಗೆ. ನಾನೂ ಅದಕ್ಕೇ ಕೊಟ್ಟಿದ್ದೇನೆ.”

ಒಂದು ಕ್ಷಣ ಓದಮ್ಮನಿಗೆ ಆಸೆಯ ಬಾಗಿಲೊಂದು ತೆರೆದು ಕಂಡಿತು. ಸುಮ್ಮನಿದ್ದರೆ ಸಾಕು; ಮತ ಉಳಿಯುತ್ತದೆ, ಮೆಚ್ಚುಗೆ ಬೇರೆ. ಆದರೆ ತಲೆಯಾಡಿಸಿ ಉಳಿಸಿಕೊಂಡ ಮತ ಯಾರ ಮತ? ಅವಳು ಪಟ್ಟಿ ಸುತ್ತಿದ ಕೈಯಿಂದಲೇ ಆ ಬಾಗಿಲು ಮುಚ್ಚಿದಳು.

“ತಪ್ಪಾಗಿದೆ ಸಾರ್. ಅದು ನಮಗೆ ಐದನೇದು.”

ಅಧ್ಯಕ್ಷರ ಹುಬ್ಬು ಗಂಟಾಯಿತು. “ಮನಸ್ಸು ಬದಲಾಯಿಸೋಕೆ ಇದು ಸೀರೆ ಅಂಗಡಿ ಅಲ್ಲಮ್ಮ.”

“ಮನಸ್ಸು ಬದಲಾಗಿಲ್ಲ. ರಾಶಿ ಮಗುಚೋದು ಬಿಟ್ಟುಹೋಗಿದೆ.” ಅವಳು ದಾರ ಕಟ್ಟಿದ ಐದು ಪುಸ್ತಕವನ್ನು ಮೇಜಿನ ಮೇಲಿಟ್ಟು, ಥಿಯೇಟರಿನ ಶೀಟಿನ ಕಥೆ ಹೇಳಿ, ಕಟ್ಟನ್ನು ಮಗುಚಿ ತೋರಿಸಿದಳು. “ಹೀಗೆ. ನಮ್ಮಲ್ಲಿ ಅಡಿಯದೇ ಮೊದಲು. ನಂಬಿಕೆ ಇಲ್ದಿದ್ರೆ ಕಾರಣದ ಹಾಳೆ ಓದಿ.”

ಕಾರ್ಯದರ್ಶಿ ಹಾಳೆ ತೆಗೆದು ತಲೆದಿಂಬಿನ ಚೀಲ ಸುಟ್ಟ ಸಾಲು ಓದಿ, ಕೆಮ್ಮುವ ನೆಪದಲ್ಲಿ ಬಾಯಿ ಮುಚ್ಚಿಕೊಂಡಳು. ಅಧ್ಯಕ್ಷರು ಆ ಹಾಳೆಗಳನ್ನು ಅಲ್ಲಿಯತನಕ ಮುಟ್ಟಿಯೇ ಇರಲಿಲ್ಲ.

“ಇರಲಿ. ಹಾಗಾದರೆ ಮೊದಲನೆಯದು ‘ಕಡೇ ದೋಣಿ’ಯಾ?” ಎಂದರು ಅವರು, ಸ್ವಲ್ಪ ಬಿರುಸಾಗಿ. “ಏಳೂ ಜನ ನಿಜವಾಗಿ ಓದಿದ್ದೀರಾ ಅದನ್ನ?”

“ನಾನು ಓದಿಲ್ಲ ಸ್ವಾಮಿ,” ಎಂದಳು ಅತ್ತೆ. “ನನಗೆ ಅಕ್ಷರ ಬರಲ್ಲ. ಕೇಳಿದೀನಿ. ಹೇಳಲಾ?”

ಅವರು ಹೂಂ ಎನ್ನುವ ಮೊದಲೇ ಶುರು ಮಾಡಿಬಿಟ್ಟಳು. ಸತ್ತವರನ್ನು ಹೊಳೆ ದಾಟಿಸುವ ಅಂಬಿಗ. ಬದುಕಿದ್ದಾಗ ಆಡದೆ ಉಳಿಸಿಕೊಂಡ ಒಂದು ಮಾತೇ ಅವನ ಕೂಲಿ. ಒಂದು ದಿನ ಮೂಗಿಯೊಬ್ಬಳು ಹತ್ತುತ್ತಾಳೆ. ಅವಳೊಳಗೆ ಇಡೀ ಜನ್ಮದ ಮಾತು. ಆ ಭಾರಕ್ಕೆ ದೋಣಿ ಕುಸಿಯುತ್ತದೆ. “ಸ್ವಲ್ಪ ನೀರಿಗೆ ಚೆಲ್ಲು” ಎನ್ನುತ್ತಾನೆ ಅಂಬಿಗ. ಅವಳು ತಲೆ ಅಲ್ಲಾಡಿಸುತ್ತಾಳೆ. ಅತ್ತೆಯ ದನಿಯಲ್ಲಿ ಹೊಳೆ ಹರಿಯಿತು; ಹುಟ್ಟು ಹಾಕುವ ಸದ್ದಿಗೆ ಅವಳ ಕೈ ಗಾಳಿಯಲ್ಲಿ ಶೀಟು ಮಡಚಿದಂತೆ ಆಡಿತು.

“ಕೊನೆಗೆ ದೋಣಿ ಮುಳುಗುತ್ತೆ,” ಎಂದು ಅಧ್ಯಕ್ಷರು ತಡೆದರು. “ಗೊತ್ತು. ಬರೀ ನಿರಾಶೆ. ಅದಕ್ಕೇ ನಾನು ಅದನ್ನ ಕೊನೆಗಿಟ್ಟೆ.”

ಅತ್ತೆ ಅವರನ್ನೇ ನೋಡಿದಳು. ಮೊಮ್ಮಗ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದಾಗ ನೋಡುವ ನೋಟ.

“ಮುಳುಗೋದು ಕೊನೆ ಅಲ್ಲ ಸ್ವಾಮಿ. ಅಲ್ಲಿ ನನ್ನ ಸೊಸೆ ಓದೋದು ನಿಲ್ಸಿ, ‘ಇಲ್ಲೊಂದು ಖಾಲಿ ಪುಟ ಇದೆ’ ಅಂದ್ಳು. ಆ ಖಾಲಿ ಪುಟ ಮಗುಚಿದ್ಳು. ಹೊಳೆ ತಳದಲ್ಲಿ ಮೂಗಿ ಬಾಯಿ ತೆರೀತಾಳೆ. ಒಂದೊಂದು ಮಾತೂ ಗುಳ್ಳೆ ಆಗುತ್ತೆ. ಆ ಗುಳ್ಳೆಗಳೇ ದೋಣೀನ ಮೇಲಕ್ಕೆತ್ತುತ್ವೆ. ಹಿಂದೆ ಮುಳುಗಿದೋರೆಲ್ಲ ಅದನ್ನ ಹಿಡ್ಕೊಂಡು ಬರ್ತಾರೆ. ನೀವು ಆ ಪುಟ ತಿರುಗಿಸಲಿಲ್ವಾ?”

ಕಾರ್ಯದರ್ಶಿ ಮಗುಚಿದ ಕಟ್ಟಿನ ದಾರ ಬಿಚ್ಚಿ, ಮೇಲಿನ ಪುಸ್ತಕವನ್ನು ಅವರ ಮುಂದೆ ಸರಿಸಿದಳು. ಅಧ್ಯಕ್ಷರು ಪುಟ ತಿರುವಿದರು. ಖಾಲಿ ಹಾಳೆ ಬಂತು. ಅದನ್ನೂ ತಿರುವಿದರು. ಅಲ್ಲಿ ಇನ್ನೂ ಎರಡು ಪುಟವಿತ್ತು. ಅವರು ಓದುತ್ತಿದ್ದಷ್ಟು ಹೊತ್ತು ಏಳು ಹೆಂಗಸರು ನಿಂತೇ ಇದ್ದರು. ನಿಲ್ಲುವುದು ಅವರಿಗೆ ಹೊಸದೇನಲ್ಲ.

ಓದಿ ಮುಗಿಸಿ ಅವರು ಗಡ್ಡ ನೀವಿಕೊಂಡರು. ನಲವತ್ತು ವರ್ಷ ಮಕ್ಕಳಿಗೆ ‘ಪೂರ್ತಿ ಓದ್ರೋ’ ಎಂದು ಗದರಿದ ಮನುಷ್ಯ. ಮುಖ ಕೆಂಪಾಗಿತ್ತು, ಆದರೆ ನಗುವಷ್ಟು ದೊಡ್ಡತನ ಇನ್ನೂ ಉಳಿದಿತ್ತು.

“ಎಷ್ಟು ಹೊತ್ತಿದೆ ಎಣಿಕೆಗೆ?” ಎಂದು ಕಾರ್ಯದರ್ಶಿಯನ್ನು ಕೇಳಿದರು.

“ಹನ್ನೆರಡು ನಿಮಿಷ.”

“ಇವರಿಗೊಂದು ಹೊಸ ಕಾರ್ಡು ಕೊಡಿ.” ತಡೆದು, “ನನಗೂ ಒಂದು” ಎಂದರು.

ಆರು ಗಂಟೆಗೆ ಗಾಡಿ ಲಾಂಡ್ರಿಯ ಅಂಗಳಕ್ಕೆ ಬಂದಾಗ ಮೇಲ್ವಿಚಾರಕ ಗೇಟಿನಲ್ಲೇ ಕಾಯುತ್ತಿದ್ದ. ಕೈಗಡಿಯಾರ ನೋಡುತ್ತಿರಲಿಲ್ಲ, ದಾರಿ ನೋಡುತ್ತಿದ್ದ.

“ಏನಾಯ್ತು?”

“‘ಕಡೇ ದೋಣಿ’ ಎರಡನೇದು ಬಂತು,” ಎಂದಳು ಜಗಳಗಂಟಿ. “ಒಂದೇ ಅಂಕದಲ್ಲಿ ತಪ್ಪೋಯ್ತು.”

“ಮೊದಲನೇದು?”

ಯಾರೂ ಹೇಳಲೊಲ್ಲರು. ಅತ್ತೆಯೇ ಬಾಯಿ ಬಿಟ್ಟಳು. “ನಿನ್ನ ಚಪ್ಪಲಿಯೋನೇ ಕಣಪ್ಪ.”

ಮೇಲ್ವಿಚಾರಕ ಗೇಟಿನ ಕಂಬ ಹಿಡಿದುಕೊಂಡು ಕುಣಿದದ್ದನ್ನು ಆ ಲಾಂಡ್ರಿ ಬಹಳ ಕಾಲ ಮರೆಯಲಿಲ್ಲ. ಮರುದಿನದಿಂದ ಓದಿನ ಹೊತ್ತಿಗೆ ಅವನಿಗೂ ಒಳಗೆ ಜಾಗ ಸಿಕ್ಕಿತು. ಶೀಟಿನ ತುದಿ ಹಿಡಿಯಬೇಕು ಎಂಬ ಕರಾರಿನ ಮೇಲೆ.

ಎರಡು ವಾರ ಬಿಟ್ಟು ಅಧ್ಯಕ್ಷರು ತಾವೇ ಲಾಂಡ್ರಿಗೆ ಬಂದರು. ಕೈಯಲ್ಲಿ ಮೂರು ಹಾಳೆಯ ಕಾಗದ: ಹನ್ನೊಂದನೆಯ ಮತ ಇನ್ನು ಮುಂದೆ ಬಳಗಕ್ಕೆ ಖಾಯಂ; ಕಾರಣದ ಹಾಳೆಯನ್ನು ಉಳಿದ ಹತ್ತು ಮಂದಿಯೂ ಬರೆದು ಕೊಡಬೇಕು, ಇಲ್ಲದಿದ್ದರೆ ಮತವಿಲ್ಲ. ಪೆನ್ನಿನ ಮುಚ್ಚಳ ತೆಗೆದು ಓದಮ್ಮನ ಮುಂದೆ ಹಿಡಿದು, “ಇಲ್ಲೊಂದು ಸಹಿ, ಅಷ್ಟೆ” ಎಂದರು.

ಅವಳ ಕೈಯ ಪಟ್ಟಿ ಬಿಚ್ಚಿತ್ತು. ಆದರೂ ಪೆನ್ನು ಮುಟ್ಟಲಿಲ್ಲ. ಸ್ಟೂಲು ಎಳೆದು ಕುಳಿತಳು, ಕನ್ನಡಕ ಏರಿಸಿದಳು.

“ಕೂತ್ಕೊಳ್ಳಿ ಸಾರ್. ಹೊತ್ತಾಗುತ್ತೆ,” ಎಂದಳು ಅತ್ತೆ. ನಾಲ್ಕು ಜನ ಓದುವವಳ ಪಾಲಿನ ಶೀಟು ಎಳೆದುಕೊಂಡರು. ಪೆಟ್ಟಿಗೆಗಳು ಮೆಲ್ಲಗೆ ಓಡತೊಡಗಿದವು. ಓದಮ್ಮ ಗಂಟಲು ಸರಿಮಾಡಿಕೊಂಡು ಮೊದಲ ಹಾಳೆಯ ಮೊದಲ ಸಾಲಿನಿಂದ ಗಟ್ಟಿಯಾಗಿ ಶುರು ಮಾಡಿದಳು. ಮೂರನೆಯ ಹಾಳೆಯ ತಳದ ಸಣ್ಣ ಅಕ್ಷರಕ್ಕೆ ಬಂದಾಗ ನಿಲ್ಲಿಸಿ, ಬೆರಳಿಟ್ಟು ಕೇಳಿದಳು:

“ಇಲ್ಲಿ ‘ತಿದ್ದುಪಡಿಯನ್ನು ಪರಿಶೀಲಿಸಬಹುದು’ ಅಂತಿದೆಯಲ್ಲ ಸಾರ್. ‘ಪರಿಶೀಲಿಸಲೇಬೇಕು’ ಅಂತ ಬರೀತೀರೋ, ಇಲ್ಲ ಇನ್ನೊಂದು ಸಲ ಮೊದಲಿಂದ ಓದಲೋ?”